ಚಿಕ್ಕಹೈದ ಸಮನ್ಸು ಮುಟ್ಟಿಸಿದ

ಕೇಳ್ರಪ್ಪ, ದೇವರು ಊರಿಗೆಲ್ಲ ಬುದ್ಧಿ ಹಂಚುವಾಗ ಚಿಕ್ಕಹೈದ ಗೊರಕೆ ಹೊಡೀತಿದ್ದನಂತೆ. ಅವನವ್ವ ನಂಜವ್ವ ಮುಂಡೆ ಹೆಂಗಸು. ಇದ್ದೊಂದು ಮನೆಯನ್ನೂ ಮೈದುನ ಮರಿಸ್ವಾಮಿ ನುಂಗಿ ಕೂತಿದ್ದ. ಮನೆ ನನ್ನದು ಅಂತ ನಂಜವ್ವ ದಾವಾ ಹೂಡಿದಳು. ಲಾಯರು ಸಮನ್ಸು ತಂದು ಕೊಟ್ಟರು. "ನೀವೇ ಮುಟ್ಟಿಸಬಹುದು ಅಂದಿದೆ ಕೋರ್ಟು. ಸೋಮವಾರದೊಳಗೆ ಮುಟ್ಟದಿದ್ರೆ ದಾವಾ ವಜಾ, ಮನೆ ಗೋತಾ!"

"ಮಗಾ, ಚಿಕ್ಕಪ್ಪನ ಕೈಗೇ ಕೊಡು. ಇನ್ಯಾರ ಕೈಗೂ ಕೊಡಬೇಡ," ಅಂದಳು ನಂಜವ್ವ.

ಹೋದ. ಚಿಕ್ಕಪ್ಪ ಇರಲಿಲ್ಲ. ಚಿಕ್ಕಮ್ಮ ಕೈಚಾಚಿ, "ಕೊಡಪ್ಪ, ನಾನೇ ಸಹಿ ಹಾಕಿ ಇಸ್ಕೋತೀನಿ," ಅಂದಳು. "ಥೂ, ನಿನ್ನ ಕೈಗಾ? ಆಗಲ್ಲ!" ಅಂದು ವಾಪಸ್ ಬಂದ. ಮರಿಸ್ವಾಮಿಗೆ ತಪ್ಪಿಸಿಕೊಳ್ಳೋ ಕಷ್ಟವೂ ಇರಲಿಲ್ಲ ನೋಡಿ, ಅಷ್ಟು ನಿಯತ್ತಿನ ಹುಡುಗ!

"ಅಯ್ಯೋ ದಡ್ಡ ಶಿಖಾಮಣಿ! ಮನೇಲಿರೋ ದೊಡ್ಡೋರಿಗೆ ಕೊಟ್ರೂ ಆಗ್ತಿತ್ತಲ್ಲೋ!" ಅಂದಳು ಅವ್ವ.

ಮಾರನೇ ದಿನ ಬಾಗಿಲು ತೆಗೆದವನು ಚಿಕ್ಕಪ್ಪನೇ. "ಆಚೆ ಸರಿ! ಈ ಮನೇಲಿ ಎಲ್ಲರಿಗಿಂತ ದೊಡ್ಡೋರ್ಯಾರು?" ಅಂದ ಚಿಕ್ಕಹೈದ. ಮೂಲೆಯಲ್ಲಿ ಚಿಕ್ಕಮ್ಮನ ಅಜ್ಜಿ ಎಲೆಅಡಿಕೆ ಕುಟ್ಟುತ್ತಿತ್ತು. ಅದರ ಕೈಗಿಟ್ಟು ಬಂದ. ಅಜ್ಜಿ ಅದರಲ್ಲಿ ಹೊಗೆಸೊಪ್ಪು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿತು.

ಸಹಿಯೂ ಇಲ್ಲ, ಕಾಗದವೂ ಇಲ್ಲ ಅಂತ ನಂಜವ್ವ ಎದೆ ಬಡಕೊಂಡಳು. ಲಾಯರು ಹಲ್ಲು ಕಡೀತಾ ಇನ್ನೊಂದು ಪ್ರತಿ ತಂದರು. "ಇನ್ನು ಕೈಯ ಸಹವಾಸವೇ ಬೇಡ. ಇಸ್ಕೊಳ್ಳಲ್ಲ ಅಂದ್ರೆ ಸಾಕ್ಷಿ ಮುಂದೆ ಬಾಗಿಲಿಗೆ ಅಂಟಿಸು!"

ಇವನನ್ನು ಕಂಡದ್ದೇ ಮರಿಸ್ವಾಮಿ, "ತಗೊಂಡು ಹೋಗೋ ನಿನ್ನ ಕಾಗದ!" ಅಂತ ಬಾಗಿಲು ಹಾಕಿಕೊಂಡ. ಚಿಕ್ಕಹೈದ ಇಬ್ಬರು ಸಾಕ್ಷಿಗಳ ಮುಂದೆ ಮೈದಾ ಅಂಟು ಬಳಿದು ಅಂಟಿಸಿದ. ಅಬ್ಬಾ, ಗಡುವಿನೊಳಗೇ ಮುಟ್ಟಿತು! ನಂಜವ್ವ ಮಗನ ದೃಷ್ಟಿ ತೆಗೆದಳು.

ಸೋಮವಾರ ಕೋರ್ಟಿನ ಮೆಟ್ಟಿಲಲ್ಲಿ ಅವನ ಕಿವಿ ಹಿಂಡಿದಳು. "'ಚಿಕ್ಕಪ್ಪನ ಮನೆ ಬಾಗಿಲಿಗೆ ಅಂಟಿಸಿದೆ' ಅನ್ನು. ಯಾರು ಏನು ಕೇಳಿದ್ರೂ ಮಾತು ಬದಲಾಯಿಸಬೇಡ!"

"ಎಲ್ಲಿ ಅಂಟಿಸಿದೆಯಪ್ಪ?" ಜಡ್ಜ್ ಸಾಹೇಬರು ಕೇಳಿದರು.

"ಚಿಕ್ಕಪ್ಪನ ಮನೆ ಬಾಗಿಲಿಗೆ, ಸ್ವಾಮಿ!"

ಮರಿಸ್ವಾಮಿಯ ಲಾಯರು ಟಣ್ಣನೆ ಎದ್ದ. "ಯಾರ ಮನೆ ಅಂದೆ, ಮಗು?"

"ಚಿಕ್ಕಪ್ಪನ ಮನೆ!"

"ನಿಮ್ಮವ್ವಂದು ಅಲ್ವೇನೋ?"

ಹಿಂದಿನಿಂದ ನಂಜವ್ವ ಬೇಡ ಬೇಡ ಅಂತ ಕೈ ಆಡಿಸಿದಳು. ಚಿಕ್ಕಹೈದ ಅವಳ ಕಡೆ ತಿರುಗಿ ಹಲ್ಲು ಕಿರಿದ.

"ಅಲ್ಲ ಸ್ವಾಮಿ! ಚಿಕ್ಕಪ್ಪನ ಮನೆ ಅಂತಲೇ ಹೇಳು ಅಂತ ಅವ್ವನೇ ಈಗ ಮೆಟ್ಟಿಲ ಮೇಲೆ ಹೇಳಿಕೊಟ್ಟಿದ್ದು!"