ಹಸಿ ಜೋಳದ ಹಾಲು

ಲೋಕ ಆಗಿನ್ನೂ ಹೊಸದು. ಯಾವ ಕಡೆ ಬೀಸಬೇಕು ಅಂತ ಗಾಳಿಗೆ ಸರಿಯಾಗಿ ತಿಳಿದಿರಲಿಲ್ಲ. ಹಳ್ಳ ದಿನಕ್ಕೊಂದು ದಾರಿ ಹಿಡಿಯುತ್ತಿತ್ತು. ಮಣ್ಣು ಮಾತಾಡುತ್ತಿತ್ತು, ಮನುಷ್ಯರು ಕೇಳಿಸಿಕೊಳ್ಳುತ್ತಿದ್ದರು. ಎಲ್ಲರೂ ಅಲ್ಲ ಮತ್ತೆ! ಸುಮ್ಮನೆ ಕೂತು ಕೇಳುವ ವ್ಯವಧಾನ ಇದ್ದವರು ಮಾತ್ರ.

ಕರಿಮಣ್ಣಿನ ಹೊಲದಲ್ಲಿ ಆಗಲೂ ಜೋಳ ಬೆಳೆಯುತ್ತಿತ್ತು. ಆಳೆತ್ತರ ಬೆಳೆಯುತ್ತಿತ್ತು, ತೆನೆಯೂ ಬಿಡುತ್ತಿತ್ತು. ಆದರೆ ತೆನೆಯಲ್ಲಿ ಕಾಳೇ ಇಲ್ಲ. ಅಂಗೈಯಲ್ಲಿ ತಿಕ್ಕಿ ಉಫ್ ಅಂತ ಊದಿದರೆ ಹೊಟ್ಟೆಲ್ಲ ಹಾರಿ ಕೈ ಖಾಲಿ. ದನಕ್ಕಾದರೂ ಮೇವಾದೀತು ಅಂತ, ತಾನಾಗಿ ಹುಟ್ಟಿದ್ದನ್ನು ಜನ ಕೀಳದೆ ಬಿಡುತ್ತಿದ್ದರು. ತಾವು ಸಜ್ಜೆ, ಸೊಪ್ಪು ತಿಂದುಕೊಂಡು ಹೇಗೋ ದಿನ ತಳ್ಳುತ್ತಿದ್ದರು.

ಮಳೆಗಾಲ ಮುಗಿದು, ಗುರೆಳ್ಳು ಹಳದಿ ಹೂ ಬಿಟ್ಟು, ಬೆಳಗಿನ ಬಿಸಿಲು ಹಿತ ಅನ್ನಿಸುವ ಹೊತ್ತಿಗೆ ಸೀಗೆ ಹುಣ್ಣಿಮೆ ಬರುತ್ತಿತ್ತು. ಆಗ ಭೂಮಿತಾಯಿ ತುಂಬಿದ ಬಸುರಿ. ಬಸುರಿಗೆ ಬಯಕೆ ಊಟ ಉಣಿಸಬೇಕಲ್ಲ? ಅದಕ್ಕೆ ಹೆಂಗಸರೆಲ್ಲ ಕಡುಬು, ಎಳ್ಳು ಹೋಳಿಗೆ, ಪುಂಡಿಪಲ್ಯ ಮಾಡಿ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಚೆಲ್ಲುತ್ತಿದ್ದರು. ಹಾಗೆ ಚೆಲ್ಲುವುದಕ್ಕೆ ಚರಗ ಅನ್ನುತ್ತಾರೆ. ಆಮೇಲೆ ಬನ್ನಿಮರದ ನೆರಳಲ್ಲಿ ಕೂತು ತಾವೂ ಉಣ್ಣುವುದು. ಆಹಾ, ಬಯಲಲ್ಲಿ ಕೂತು ಉಂಡರೆ ಹಳಸಿದ ಪಲ್ಯವೂ ರುಚಿಯೇ.

ಅಂಥ ಒಂದು ಊರಲ್ಲಿ ನಿಂಬೆವ್ವ ಅಂತ ಒಬ್ಬಳಿದ್ದಳು. ಹಿಂದಿನ ಸೀಗೆ ಹುಣ್ಣಿಮೆಗೆ ಅವಳೂ ಬಸುರಿ, ಭೂಮಿಯೂ ಬಸುರಿ. ಹೆಂಗಸರು ಒಂದು ತುತ್ತು ಹೊಲಕ್ಕೆ, ಒಂದು ತುತ್ತು ನಿಂಬೆವ್ವನ ಬಾಯಿಗೆ ಇಟ್ಟು ನಕ್ಕಿದ್ದೇ ನಕ್ಕಿದ್ದು. ಚಳಿಗಾಲದಲ್ಲಿ ಹೆಣ್ಣು ಕೂಸು ಹುಟ್ಟಿತು. ಸಕ್ಕರೆವ್ವ ಅಂತ ಹೆಸರಿಟ್ಟರು. ಮಳೆಗಾಲದಲ್ಲಿ ಜ್ವರ ಬಂತು, ಸಕ್ಕರೆವ್ವ ಹೋದಳು. ಹೊಲದ ಬದುವಿನ ಪಕ್ಕದಲ್ಲೇ ಮಣ್ಣು ಮಾಡಿದರು.

ಈ ಸಲ ಹುಣ್ಣಿಮೆಯ ಬೆಳಗ್ಗೆ ಪಕ್ಕದ ಮನೆಯ ಕಲ್ಲವ್ವ ಬಂದು ಬಾಗಿಲಲ್ಲೇ ನಿಂತಳು.

"ತಂಗಿ, ಸಿಟ್ಟಾಗಬ್ಯಾಡ. ಬಸುರಿ ಮುಂದ ಕೂಸು ಕಳಕೊಂಡಾಕಿ ನಿಲ್ಲಬಾರದು ಅಂತಾರ ಹಿರ್ಯಾರು. ಭೂಮಿಗಿ ಏನಾರ ಆದ್ರ ಊರಿಗೇ ಕಷ್ಟ. ಇದೊಂದು ವರ್ಷ ಮನ್ಯಾಗ ಇದ್ದುಬಿಡವ್ವ."

"ಹೂಂನಕ್ಕ" ಅಂದಳು ನಿಂಬೆವ್ವ. ಮತ್ತೇನು ಅಂದಾಳು, ಪಾಪ.

ಊರೆಲ್ಲ ಹೊಲಕ್ಕೆ ಹೋಯಿತು. ಗಂಡ ದನ ಹೊಡೆದುಕೊಂಡು ದೂರದ ಗುಡ್ಡಕ್ಕೆ ಹೋಗಿದ್ದ. ಮನೆಯಲ್ಲಿ ನಿಂಬೆವ್ವ ಒಬ್ಬಳೇ. ಹೊತ್ತು ಏರುತ್ತಲೇ ಅವಳ ಎದೆ ಬಿಗಿಯಿತು. ಕೂಸು ಹೋದರೂ ಹಾಲು ಹೋಗಿರಲಿಲ್ಲ ನೋಡಿ. ಅರಿವೆ ಬಿಗಿದು ಕಟ್ಟು, ತಾನೇ ಬತ್ತುತ್ತೆ ಅಂತ ಎಲ್ಲರೂ ಹೇಳಿದ್ದರು. ನಿಂಬೆವ್ವ ಕಟ್ಟಿರಲಿಲ್ಲ. ಹಾಲು ಬಂದಾಗಲೆಲ್ಲ ಸಕ್ಕರೆವ್ವ ನೆನಪಾಗುತ್ತಿದ್ದಳು. ಒಂದು ಕಾಲು ಮೇಲೆತ್ತಿ ಅವ್ವನ ಬಳೆಗಳನ್ನು ಒದೆಯುತ್ತ ಕುಡಿಯುವಳು. ಹೊಟ್ಟೆ ತುಂಬಿದ ಮೇಲೆ ಗಲ್ಲದ ಮೇಲೆಲ್ಲ ಹಾಲು ಸುರಿಸಿಕೊಂಡು ಸುಮ್ಮಸುಮ್ಮನೆ ನಗುವಳು. ಇದೂ ಬತ್ತಿದರೆ ಮಗಳದು ಅಂತ ನನ್ನ ಹತ್ತಿರ ಏನು ಉಳಿಯುತ್ತೆ ಅನ್ನುವುದೇ ಅವಳ ಸಂಕಟ.

ಸಂಜೆ ಬಂಡಿಗಳೆಲ್ಲ ಮರಳಿದವು. ಆಗ ನಿಂಬೆವ್ವ ಒಂದೇ ಒಂದು ಕಡುಬು ಸೆರಗಲ್ಲಿ ಕಟ್ಟಿಕೊಂಡು ಹೊರಟಳು. ಹಾದಿಯಲ್ಲಿ ಗಾಳಿ ಎದುರಾಯಿತು.

"ಎಲ್ಲಿಗಿ ಹೊಂಟಿ? ಚರಗ ಮುಗದೈತಿ."

"ಅವರದು ಮುಗದೈತಿ. ನಂದು ಆಗಿಲ್ಲ."

"ಹೋಗು ಹೋಗು. ಅಲ್ಲಿ ಯಾರೋ ಅಳಾಕತ್ತಾರ. ನಾ ಅಲ್ಲ ಮತ್ತ! ಎಲ್ಲಾರೂ ನನ್ನ ಹೆಸರ ಹೇಳ್ತಾರ" ಅಂತ ಗಾಳಿ ಮುಖ ಊದಿಸಿಕೊಂಡು ಹೋಯಿತು.

ಹೊಲದಲ್ಲಿ ಹೋಳಿಗೆಯ ಚೂರುಗಳು ಹಾಗೇ ಬಿದ್ದಿದ್ದವು. ಇರುವೆಗಳು ಎಳೆದಾಡುತ್ತಿದ್ದವು. ನಿಂಬೆವ್ವ ಕಡುಬನ್ನು ನೆಲಕ್ಕಿಟ್ಟು ಪಕ್ಕದಲ್ಲಿ ಕೂತಳು. ಜೋಳದ ಸಾಲುಗಳಿಂದ ಸಣ್ಣ ದನಿಯ ಅಳು ನಿಜಕ್ಕೂ ಕೇಳಿಸುತ್ತಿತ್ತು. ಬಸುರಿಯನ್ನು ಕಂಡರೆ ಕೇಳುವ ಮಾತು ತಾನಾಗಿ ಅವಳ ಬಾಯಿಗೆ ಬಂತು.

"ಯವ್ವಾ, ನಿನಗ ಏನ ಬಯಕಿ ಆಗೈತಿ?"

ಭೂಮಿತಾಯಿ ದೊಡ್ಡ ಉಸಿರು ಬಿಟ್ಟಳು. "ಅಂತೂ ಒಬ್ಬಾಕಿ ಕೇಳಿದಿ! ವರ್ಷಾ ವರ್ಷಾ ಬರ್ತಾರ. ತಮಗ ಸೇರೂದು ಮಾಡ್ಕೊಂಡು ಬಂದು, ನನ್ನ ಮ್ಯಾಲ ನಾಕ ತುತ್ತು ಚೆಲ್ಲಿ, ತಾವ ಉಂಡು ಹೋಗ್ತಾರ. ನಿನಗೇನ ಬೇಕವ್ವ ಅಂತ ಯಾರರ ಕೇಳ್ಯಾರೇನ?"

"ನಾ ಕೇಳಾಕತ್ತೀನಲ್ಲ, ಹೇಳು."

"ಬಸುರಿ ಅಂತೀರಿ, ಆದ್ರ ನಾ ಆಗಲೇ ತೆನಿ ತುಂಬ ಕೂಸು ಹಡದೀನಿ ಮಗಳ. ನೀರು ಕುಡಸಾಕ ಬರತೈತಿ ನನಗ, ಹಾಲು ಕುಡಸಾಕ ಬರೂದಿಲ್ಲ. ಹಸದು ಹಸದು ಒಣಗಿ ಹೊಟ್ಟಾಗಿ ಹಾರಿ ಹೋಗ್ತಾವ. ನನಗ ಹಾಲಿನ ಬಯಕಿ."

ನಿಂಬೆವ್ವ ಸೆರಗನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು. "ಅದೊಂದು ಬಿಟ್ಟು ಏನರ ಕೇಳು. ಇದು ನನ್ನ ಸಕ್ಕರೆವ್ವಂದು."

"ಗೊತ್ತೈತಿ. ಆಕಿ ನನ್ನ ಮಡಿಲಾಗ ಮಲಗ್ಯಾಳ. ಆಕಿಗಿ ಇನ್ನ ಹಸಿವಿ ಇಲ್ಲ ಮಗಳ. ಇವಕ್ಕ ಐತಿ."

ನಿಂಬೆವ್ವನಿಗೆ ಕೆಟ್ಟ ಸಿಟ್ಟು ಬಂತು. ನಿನಗೇನು ಗೊತ್ತು, ಸಾವಿರ ಮಕ್ಕಳ ತಾಯಿ ನೀನು, ನನಗಿದ್ದದ್ದು ಒಂದು ಅಂತ ಬೈದಳು. ಬೈಯುತ್ತಲೇ ಹೊಲದ ಅಂಚಿನವರೆಗೆ ನಡೆದಳು. ಹಿಂದೆ ಅಳು ಜೋರಾಯಿತು. ಅವಳ ಸೆರಗು ತಾನಾಗಿ ತೊಯ್ದು ಹೋಯಿತು. ಅಳುವುದು ಯಾರ ಕೂಸು ಅಂತ ಎದೆಹಾಲು ವಿಚಾರಿಸುತ್ತದೆಯೇ?

ನಿಂಬೆವ್ವ ತಿರುಗಿ ಬಂದಳು. ಜೋಳದ ಬುಡದಲ್ಲಿ ಮೊಣಕಾಲೂರಿ, ಅಳುತ್ತ ಅಳುತ್ತ, ಇದ್ದ ಹಾಲನ್ನೆಲ್ಲ ಮಣ್ಣಿಗೆ ಹಿಂಡಿದಳು. ಮಣ್ಣು ಚಪ್ಪರಿಸಿ ಕುಡಿಯಿತು. ಸಾಲಿನಿಂದ ಸಾಲಿಗೆ ಅಳು ಇಳಿಯುತ್ತ ಬಂದು, ಹೊಲವೆಲ್ಲ ತಣ್ಣಗಾಯಿತು. ತೆನೆಗಳು ತೂಕಡಿಸಿ ತಲೆ ಬಾಗಿಸಿದವು.

ಮರುದಿನ ಹೊತ್ತು ಏರಿತು, ಎದೆ ಬಿಗಿಯಲಿಲ್ಲ. ಅದರ ಮರುದಿನವೂ ಇಲ್ಲ. ನಿಂಬೆವ್ವ ಕಂಬಕ್ಕೆ ಒರಗಿ ಕೂತೇ ಇದ್ದಳು. ಇಷ್ಟು ಬರಿದು ಅವಳಿಗೆ ಮೊದಲು ಎಂದೂ ಅನ್ನಿಸಿರಲಿಲ್ಲ.

ಕೆಲವು ದಿನಗಳಾದ ಮೇಲೆ ಕಲ್ಲವ್ವ ಓಡಿ ಬಂದಳು. "ತಂಗಿ, ತೆನಿಯಾಗ ಕಾಳು ಹಿಡದೈತಿ! ಬಾ, ಲಗೂನ ಬಾ!" ಊರೆಲ್ಲ ಹೊಲದಲ್ಲಿ ಕುಣಿಯುತ್ತಿತ್ತು. ಯಾಕೆ ಹೀಗಾಯಿತು ಅಂತ ಯಾರಿಗೂ ತಿಳಿಯಲಿಲ್ಲ, ನಿಂಬೆವ್ವ ಹೇಳಲೂ ಇಲ್ಲ. ಗದ್ದಲದಿಂದ ದೂರ ಹೋಗಿ, ಒಂದು ಹಸಿ ಕಾಳು ಕಿತ್ತು ಉಗುರಿನಿಂದ ಒತ್ತಿದಳು. ಬೆಳ್ಳನೆಯ ಹನಿ ಬಂತು. ಮೂಸಿ ನೋಡಿದಳು. ಹಾಲು ಕುಡಿದು ಮಲಗಿದ ಸಕ್ಕರೆವ್ವನ ಬಾಯಿಯ ವಾಸನೆ.

ಇವತ್ತಿಗೂ ಎಳೆಯ ಜೋಳದ ಕಾಳನ್ನು ಒತ್ತಿದರೆ ನಿಮ್ಮ ಬೆರಳಿಗೆ ಹಾಲು ಅಂಟುತ್ತದಲ್ಲ, ಅದು ಸಕ್ಕರೆವ್ವ ಕುಡಿಯದೆ ಬಿಟ್ಟುಹೋದ ಪಾಲು.