ಹಿತ್ತಲ ಬಾಗಿಲಿನ ಗಂಟೆ

"ಒಬ್ಬ ನೇಕಾರ ತನ್ನ ಮಗ್ಗದ ಮೇಲೆ ಐದು ಗಂಟೆ ಕಟ್ಟಿಕೊಂಡಿದ್ದ. ನಾಲ್ಕು ಊರವರಿಗೆ, ಒಂದು ಅವನ ತಮ್ಮನಿಗೆ. ಒಂದು ದಿನ ತಮ್ಮ ಬಂದ, ಹಗ್ಗ ಎಳೆದ. ನೇಕಾರನ ಕಿವಿ ಚುರುಕಾಗಿತ್ತು. ಗಂಟೆ ಒಡೆದಿರಲಿಲ್ಲ, ಹಗ್ಗ ಹರಿದಿರಲಿಲ್ಲ. ಆದರೂ ಕೇಳಿಸಲಿಲ್ಲ. ಏನಾಗಿರಬಹುದು, ಊಹಿಸು ನೋಡೋಣ?"

ಕೇದಾರಯ್ಯ ಮೇಷ್ಟ್ರು ಶಿಷ್ಯನ ಪ್ರಶ್ನೆಗೆ ಕೊಟ್ಟ ಉತ್ತರ ಇದು. ಪ್ರಶ್ನೆಗೆ ಪ್ರಶ್ನೆಯೇ ಉತ್ತರವೇ ಎಂದು ನೀವು ಕೇಳಬಹುದು. ಅವರ ಪಾಠದಲ್ಲಿ ಒಂದು ದಿನ ಕೂತವರು ಯಾರೂ ಹಾಗೆ ಕೇಳುವುದಿಲ್ಲ.

ಶಿಷ್ಯನ ಹೆಸರು ಭುಜಂಗ. ಅವನು ಕೇಳಿದ್ದು ಕಂಪ್ಯೂಟರಿನ ವಿಷಯ. ಒಂದು ಯಂತ್ರಕ್ಕೆ ಅವನು ಕರ್ನಲ್ ಬರೆಯುತ್ತಿದ್ದ. ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು. ಯಂತ್ರ ಒಂದು ಕೆಲಸದಲ್ಲಿ ಮುಳುಗಿರುವಾಗ ಗಡಿಯಾರ, ಕೀಲಿಮಣೆ, ನೆಟ್‌ವರ್ಕಿನ ತಂತಿ ಎಲ್ಲವೂ 'ಇತ್ತ ನೋಡು' ಎಂದು ಕರೆಯುತ್ತವೆ. ಆ ಕರೆಗೆ ಇಂಟರಪ್ಟ್ ಎಂದು ಹೆಸರು. ಯಾವ ಕರೆಯನ್ನು ವಿಚಾರಿಸುವಾಗ ಯಾವುದರ ಬಾಯಿ ಮುಚ್ಚಬೇಕೆಂದು ಭುಜಂಗ ಏಳು ಅಂತಸ್ತಿನ ನಿಯಮ ಬರೆದಿದ್ದ. ಆದರೂ ಯಂತ್ರ ವಾರಕ್ಕೊಮ್ಮೆ ಒಂದು ಕರೆಯನ್ನು ಕಳೆದುಕೊಳ್ಳುತ್ತಿತ್ತು. ಕಳೆದದ್ದು ಪ್ರತಿ ಸಲವೂ ಎಲ್ಲಕ್ಕಿಂತ ಮುಖ್ಯವಾದ ಕರೆಯೇ.

"ಎಂಟನೆಯ ಅಂತಸ್ತು ಕಟ್ಟಲೇ, ಸರ್?" ಎಂದು ಕೇಳಲು ಬಂದಿದ್ದ. ಬರಲು ಅದೊಂದು ನೆಪ. ಇಂಥ ಪ್ರಶ್ನೆಗೆ ಉತ್ತರ ಹೇಳುವವರು ಅವನ ಕಚೇರಿಯಲ್ಲೇ ಹತ್ತು ಜನರಿದ್ದರು.

ಹನ್ನೊಂದು ವರ್ಷದ ಕೆಳಗೆ ಅವನು ಮೇಷ್ಟ್ರ ಮೆಚ್ಚಿನ ವಿದ್ಯಾರ್ಥಿ. ಒಂದು ದಿನ ಅವನು ಬರೆದ ಪ್ರೋಗ್ರಾಮನ್ನು ಮೇಷ್ಟ್ರು ತರಗತಿಯ ಎದುರು ಎತ್ತಿ ಹಿಡಿದು, "ಇದು ಪ್ರೋಗ್ರಾಮಲ್ಲ ಕಣಯ್ಯಾ, ಹಿಂದಿನ ದಿನದ ಗೊಜ್ಜು" ಎಂದರು. ತರಗತಿ ನಕ್ಕಿತು. ಭುಜಂಗ ಎದ್ದು ಹೋದವನು ಕಾಲೇಜನ್ನೇ ಬದಲಿಸಿದ. ಚೀಲದಲ್ಲಿ ಮೇಷ್ಟ್ರ ಪುಸ್ತಕವೊಂದು ಉಳಿದುಹೋಗಿತ್ತು. ಮೂರು ತಿಂಗಳಾದ ಮೇಲೆ ತಡೆಯಲಾರದೆ ಅವರ ಮನೆಗೆ ಬಂದ. ಗೇಟಿನಲ್ಲಿದ್ದ ಕರೆಗಂಟೆಯನ್ನು ಮೂರು ಸಲ ಒತ್ತಿದ. ಒಳಗೆ ಮೇಷ್ಟ್ರು ಯಾರೊಡನೆಯೋ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಯಾರೂ ಬಾಗಿಲು ತೆರೆಯಲಿಲ್ಲ. ಪುಸ್ತಕವನ್ನು ಗೇಟಿನ ಕಂಬದ ಮೇಲಿಟ್ಟು ಹೊರಟುಹೋದ. ಇದನ್ನು ಯಾರಿಗೂ ಹೇಳಲಿಲ್ಲ. ಆಮೇಲೆ ಎಷ್ಟೋ ಯಂತ್ರಗಳನ್ನು ಸರಿಮಾಡಿದ, ಎಷ್ಟೋ ಜನ ಭೇಷ್ ಎಂದರು. ಪ್ರತಿ ಸಲವೂ ಅವನ ಕಿವಿ ಇನ್ನೊಂದು ದನಿಗಾಗಿ ಕಾದು ಸುಮ್ಮನಾಗುತ್ತಿತ್ತು.

ಇಂದು ಬಂದಾಗ ಗೇಟಿನಲ್ಲಿ ಕರೆಗಂಟೆ ಇರಲಿಲ್ಲ. ಒಂದು ಹಗ್ಗ ಇತ್ತು. ಎಳೆದ. ಒಳಗೆಲ್ಲೋ ಕಂಚಿನ ಗಂಟೆ ಢಣ್ಣೆಂದಿತು. ಆ ನಾದ ಆರುವ ಮೊದಲೇ ಕಿಟಕಿಯಲ್ಲಿ ಮೇಷ್ಟ್ರ ಮುಖ ಕಾಣಿಸಿತು.

"ಬಂದೆಯಾ? ಕೂತಿರು."

ಅಷ್ಟೇ. ಬಳಪ ಕಿರುಗುಟ್ಟಿದ ಸದ್ದಾಯಿತು. ಮೇಷ್ಟ್ರು ಓದುತ್ತಿದ್ದ ಪುಟಕ್ಕೆ ಮರಳಿದರು. ಭುಜಂಗ ಜಗಲಿಯ ಮೇಲೆ ಕೂತ. ಹನ್ನೊಂದು ವರ್ಷಕ್ಕೆ ಎರಡು ಮಾತೇ ಎಂದು ಮುಖ ಬಾಡಿತು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಹೊರಗೆ ಬಂದು, ಎದುರು ಕೂತು, "ಈಗ ಹೇಳು" ಎಂದರು. ಅವನು ಯಂತ್ರದ ವಿಷಯ ಹೇಳಿದ. ಅವರು ನೇಕಾರನ ಗಂಟೆಯ ಒಗಟು ಕೇಳಿದರು.

"ಗೊತ್ತಾಗಲಿಲ್ಲ, ಸರ್," ಎಂದ ಭುಜಂಗ.

ಮೇಷ್ಟ್ರು ಹೇಳಿದರು.

ಆ ನೇಕಾರನದು ಕುಣಿಮಗ್ಗ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸುಲಭವಾಗಿ ಏಳುವಂತಿಲ್ಲ. ಮಗ್ಗದ ಸದ್ದಿನಲ್ಲಿ ಯಾರು ಕೂಗಿದರೂ ಕೇಳುವಂತಿಲ್ಲ. ಅದಕ್ಕೇ ಗಂಟೆ ಕಟ್ಟಿದ. ವ್ಯಾಪಾರಿಗೊಂದು, ಬಣ್ಣಗಾರನಿಗೊಂದು, ನೂಲು ಸುತ್ತುವವಳಿಗೊಂದು, ನೆರೆಯವನಿಗೊಂದು. ಐದನೆಯದು ಹಿತ್ತಲ ಬಾಗಿಲಿಗೆ. ಅವನ ತಮ್ಮ ಯಾವಾಗಲೂ ಹಿತ್ತಲಿಂದಲೇ ಬರುತ್ತಿದ್ದ.

ತಮ್ಮ ಮನೆ ಬಿಟ್ಟು ಹೋಗಿದ್ದ. ಗಿರಾಕಿಗಳ ಎದುರು ಅಣ್ಣ, "ನಿನ್ನ ಕೈಗೆ ಲಾಳಿ ಯಾಕೆ, ಪೊರಕೆ ಸಾಕು" ಎಂದಿದ್ದ. ತಮ್ಮ, ಹಾಸಿನೊಳಗೆ ನೂಲು ಹಾಯಿಸುವ ಅಪ್ಪನ ಲಾಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಂದ ನಡೆದುಬಿಟ್ಟ. ಆಡಿದ ಮಾತು ಅಣ್ಣನ ಗಂಟಲಲ್ಲೇ ಮುಳ್ಳಾಗಿ ನಿಂತಿತು. ಎಳೆ ಎಳೆಗೂ ಅವನ ಕಿವಿ ಹಿತ್ತಲಿನ ಕಡೆಗೇ.

ನೇಕಾರ ಬುದ್ಧಿವಂತ, ನಿಯಮ ಮಾಡಿದ. ವ್ಯಾಪಾರಿ ಬಂದಾಗ ಬಣ್ಣಗಾರನ ಗಂಟೆಯ ಬಾಯಿಗೆ ಚಿಂದಿ ತುರುಕಬೇಕು, ಮಾತು ಮುಗಿದ ಮೇಲೆ ತೆಗೆಯಬೇಕು. ಬಣ್ಣಗಾರ ಬಂದಾಗ ನೂಲಿನವಳ ಗಂಟೆಗೆ. ಹೀಗೆ ಒಂದಕ್ಕಿಂತ ಒಂದು ಮೇಲು. ಹಿತ್ತಲ ಗಂಟೆ ಎಲ್ಲಕ್ಕಿಂತ ಮೇಲು. ಅದರ ಬಾಯಿ ಎಂದೂ ಮುಚ್ಚಕೂಡದು. ಮುಚ್ಚುವ ನಿಯಮ ಇಲ್ಲವೆಂದ ಮೇಲೆ ತೆರೆಯುವ ನಿಯಮವೂ ಇರಲಿಲ್ಲ.

ಒಂದು ಮಧ್ಯಾಹ್ನ ವ್ಯಾಪಾರಿ ಕೂತಿದ್ದಾಗ ಹಿತ್ತಲ ಗಂಟೆ ಹೊಡೆಯಿತು. ನೇಕಾರ ಎದ್ದು ಓಡಿದ. ಮೇಕೆ. ಹಗ್ಗಕ್ಕೆ ಮೈ ಉಜ್ಜುತ್ತಿತ್ತು. ಬಂದು ಕೂತ, ಮತ್ತೆ ಹೊಡೆಯಿತು. ಮತ್ತೆ ಓಡಿದ. ಮತ್ತೆ ಮೇಕೆ.

"ನಿನ್ನ ಹತ್ತಿರ ಮಾತಾಡುವುದಕ್ಕೆ ಪಂಚಾಂಗ ನೋಡಿಕೊಂಡು ಬರಬೇಕು ಕಣಪ್ಪಾ," ಎಂದ ವ್ಯಾಪಾರಿ. "ಇಲ್ಲದಿದ್ದರೆ ಮೇಕೆಯ ಅಪ್ಪಣೆ ತೆಗೆದುಕೊಂಡು."

ನೇಕಾರನಿಗೆ ನಾಚಿಕೆಯಾಯಿತು. ಒಂದೇ ಒಂದು ಗಳಿಗೆ ಎಂದುಕೊಂಡು ಹಿತ್ತಲ ಗಂಟೆಗೆ ಚಿಂದಿ ತುರುಕಿದ. ವ್ಯಾಪಾರಿ ಹೋದ, ಬಣ್ಣಗಾರ ಬಂದ, ನೆರೆಯವನು ಬಂದ. ಎಲ್ಲರೂ ಹೋದ ಮೇಲೆ ನಿಯಮದಂತೆ ಊರವರ ಗಂಟೆಗಳ ಚಿಂದಿ ತೆಗೆದ. ನಾಲ್ಕನ್ನೂ ಎರಡೆರಡು ಸಲ ನೋಡಿದ. ಐದನೆಯದನ್ನು ನೋಡೆಂದು ನಿಯಮ ಹೇಳಲಿಲ್ಲ, ಅವನೂ ನೋಡಲಿಲ್ಲ.

ಮರುದಿನ ಬೆಳಗ್ಗೆ ಹೆಂಡತಿ ಹಿತ್ತಲಿಂದ ಕೂಗಿದಳು: "ಏನ್ರೀ, ಹೊಸ್ತಿಲ ಮೇಲೆ ಮಾವನವರ ಲಾಳಿ ಇದೆಯಲ್ಲ!"

ನೇಕಾರ ತಲೆ ಎತ್ತಿ ಗಂಟೆ ನೋಡಿದ. ಅದರ ಬಾಯಲ್ಲಿ ಚಿಂದಿ ಹಾಗೇ ಇತ್ತು.

ಭುಜಂಗ ತನಗೆ ತಾನೇ ಹೇಳಿಕೊಳ್ಳುವವನಂತೆ ಅಂದ: "ನನ್ನ ಏಳನೆಯ ಅಂತಸ್ತನ್ನು ಮುಚ್ಚುವಂತೆಯೇ ಇಲ್ಲ ಎಂದು ಬರೆದಿದ್ದೆ. ಸುಳ್ಳು ಕರೆಗಳ ಕಾಟ ತಾಳದೆ ಒಂದು ಕಡೆ ಮುಚ್ಚಿದೆ. ತೆರೆದೆನೋ ಇಲ್ಲವೋ ನೋಡಿಲ್ಲ."

"ನೋಡು," ಎಂದು ಮೇಷ್ಟ್ರು ಮುಂದುವರಿಸಿದರು.

ನೇಕಾರ ಆರನೆಯ ಗಂಟೆ ಕಟ್ಟಲಿಲ್ಲ. ಐದನ್ನೂ ಬಿಚ್ಚಿದ. ಕಿಟಕಿಯ ಪಕ್ಕದಲ್ಲಿ ಹೊಸ ಕುಣಿ ತೋಡಿ ಮಗ್ಗವನ್ನು ಅಲ್ಲಿಗೆ ತಂದ. ಒಂದೇ ಗಂಟೆ ಕಟ್ಟಿ, ಒಂದೇ ಹಗ್ಗವನ್ನು ಆ ಕಿಟಕಿಯ ಹೊರಗೆ ಬಿಟ್ಟ. ಚಿಂದಿಯನ್ನೆಲ್ಲ ಒಲೆಗೆ ಹಾಕಿದ. ಯಾರೇ ಎಳೆಯಲಿ, ಕತ್ತು ತಿರುಗಿಸಿ ಮುಖ ನೋಡುವನು. "ಬಂದಿರಾ, ಕೂತಿರಿ" ಎನ್ನುವನು. ಗೂಟಕ್ಕೆ ಒಂದು ದಾರ ಸಿಕ್ಕಿಸುವನು. ಅಷ್ಟಕ್ಕೆ ನಿಲ್ಲಿಸಿ ಮಗ್ಗಕ್ಕೆ ತಿರುಗುವನು. ಕೈಯಲ್ಲಿದ್ದ ಸಾಲು ಮುಗಿದ ಮೇಲೆ ಎದ್ದು ಬಂದು, ಗೂಟದ ದಾರ ನೋಡಿ, ಒಬ್ಬೊಬ್ಬರನ್ನೇ ನಿಧಾನವಾಗಿ ವಿಚಾರಿಸುವನು. ಕೆಲಸ ಮುಗಿದವರ ದಾರ ತೆಗೆಯುವನು. ವ್ಯಾಪಾರಿ ಮೊದಮೊದಲು ಮುನಿದ. ಆಮೇಲೆ ತಾಂಬೂಲದ ಚೀಲ ತಂದು ಜಗಲಿಯಲ್ಲಿ ಕೂರುವುದನ್ನು ಕಲಿತ. ಮೇಕೆ ಎಳೆದರೂ ನೇಕಾರ ಕತ್ತು ತಿರುಗಿಸುತ್ತಿದ್ದ. ಮೇಕೆಯ ಮುಖ ನೋಡಲು ಎಷ್ಟು ಹೊತ್ತು ಬೇಕು?

ಗೂಟಕ್ಕೆ ಎಲ್ಲರಿಗಿಂತ ಮೊದಲು ಅವನು ಸಿಕ್ಕಿಸಿದ ದಾರ ತಮ್ಮನದು. ದಿನವೂ ಉಳಿದ ದಾರಗಳು ಏರಿದವು, ಇಳಿದವು. ಅದೊಂದು ಇಳಿಯಲಿಲ್ಲ. ಬಿಸಿಲಿಗೆ ಬಣ್ಣ ಹೋದಾಗಲೆಲ್ಲ ಹೊಸದು ಸಿಕ್ಕಿಸುತ್ತಿದ್ದ. ಗಂಟೆ ಹೊಡೆದಾಗಲೆಲ್ಲ ಅವನ ಕತ್ತು ತಿರುಗುತ್ತಿದ್ದುದು ಯಾರಿಗಾಗಿ ಎಂದು ಹೆಂಡತಿಗೆ ಗೊತ್ತಿತ್ತು. ಅವಳು ಕೇಳಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು.

"ತಮ್ಮ ಮತ್ತೆ ಬಂದನೇ, ಸರ್?" ಎಂದು ಭುಜಂಗ ಕೇಳಿದ.

ಮೇಷ್ಟ್ರು ಒಳಗೆ ಹೋಗಿ ಕಿಟಕಿಯ ಪಕ್ಕದ ಮೊಳೆಯಿಂದ ಸ್ಲೇಟು ತೆಗೆದುಕೊಂಡು ಬಂದು ಅವನ ಮಡಿಲಲ್ಲಿಟ್ಟರು. ಕೆಳಗೆ ಇಂದಿನ ಬಳಪದಲ್ಲಿ, ಅವಸರದ ಅಕ್ಷರದಲ್ಲಿ 'ಭುಜಂಗ' ಎಂದು ಬರೆದಿತ್ತು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿಯೂ ಅದೇ ಹೆಸರು. ಅದು ಮಾಸಿದಂತೆಲ್ಲ ತಿದ್ದಿ ತಿದ್ದಿ, ಮಕ್ಕಳು ತಿದ್ದಿದ ಅಕ್ಷರದ ಹಾಗೆ ದಪ್ಪವಾಗಿತ್ತು.

ಭುಜಂಗ ಆ ಮೇಲಿನ ಸಾಲಿನ ಮೇಲೆ ಬೆರಳಿಟ್ಟ. "ಇದು ಯಾವತ್ತಿನದು, ಸರ್?" ಎಂದ.

"ಕರೆಗಂಟೆಯ ಸ್ವಿಚ್ಚು ಆರಿಸಿದ್ದನ್ನು ನಾನು ಮರೆತು ಕೂತಿದ್ದ ದಿನದ್ದು ಕಣಯ್ಯಾ: ಎರಡು ಸಾವಿರದ ಹದಿಮೂರನೆಯ ಇಸವಿ, ನವೆಂಬರ್ ಹದಿನೆಂಟು, ಸೋಮವಾರ."