ಒಂದು ಥಾನು ಬಟ್ಟೆ

"ಬುದ್ಧೀ, ಮಕ್ಕಳಿಗೋಸ್ಕರ ಕೈಯೊಡ್ಡುವವರ ಮನಸ್ಸಿನಲ್ಲೂ ಹೊಟ್ಟೆಕಿಚ್ಚು ಹುಟ್ಟುತ್ತದೆಯೇ?"

ಕೇಳಿದವಳು ನೀಲಾಂಬಿಕೆ. ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಟೀಚರು, ಹನ್ನೊಂದು ವರ್ಷದಿಂದ ಮಠದ ಗುರುಗಳ ಶಿಷ್ಯೆ. ಪ್ರತಿ ವರ್ಷ ಶಾಲೆ ತೆರೆಯುವ ಮುಂಚೆ ಅವಳು ಅಂಗಡಿ ಅಂಗಡಿ ಅಲೆದು ನೋಟ್‌ಬುಕ್ಕು, ಸೀಮೆಸುಣ್ಣ, ಗೋಡೆಗೆ ಬಣ್ಣ ಕೇಳಿ ತರುತ್ತಿದ್ದಳು. ಆ ವರ್ಷ ಅವಳು ಮೂರು ಸಲ ಹೋಗಿ ಕೇಳಿದ್ದ ಅಕ್ಕಿ ಗಿರಣಿಯ ಯಜಮಾನ ಪಕ್ಕದ ಹಳ್ಳಿಯ ಶಾಲೆಗೆ ಹೊಸ ಬೆಂಚು, ಹೊಸ ಬೋರ್ಡು ಎಲ್ಲ ಕೊಟ್ಟ. ಸಮಾರಂಭಕ್ಕೆ ಅವಳನ್ನೂ ಕರೆದಿದ್ದರು. ಹೋಗಿ ಚಪ್ಪಾಳೆ ತಟ್ಟಿ ಬಂದಳು. ಬಂದ ಮೇಲೆ ಊಟ ಸೇರಲಿಲ್ಲ. ಆ ಬೆಂಚುಗಳಿಗೆ ಗೆದ್ದಲು ಹಿಡಿಯಲಿ ಎಂದು ತನ್ನ ಮನಸ್ಸು ಅಂದದ್ದನ್ನು ತಾನೇ ಕೇಳಿಸಿಕೊಂಡು ಹೆದರಿ, ಸೋಮವಾರ ಮಠಕ್ಕೆ ಬಂದಿದ್ದಳು.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಒಂದು ಪೇಟೆ. ಅಲ್ಲಿ ಒಬ್ಬ ಉಪಾಧ್ಯಾಯನಿದ್ದ. ಛತ್ರದ ಜಗಲಿಯೇ ಅವನ ಶಾಲೆ. ಮೂವತ್ತು ಮಕ್ಕಳು. ಹೊಸದಾಗಿ ಬಂದವರು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದರು. ಕೂಡಿಸಿ ಬರೆಯಲು ಬಂದವರಿಗೆ ಕಡತ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ ಮಡಿಸಿದರೆ ಅದೇ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ವರ್ಷ ತುಂಬುವಷ್ಟರಲ್ಲಿ ಅದು ಬಿರಿದು ಹೋಗುತ್ತಿತ್ತು. ಮರಳನ್ನು ಹೊಳೆ ಕೊಡುತ್ತಿತ್ತು. ಬಟ್ಟೆಯನ್ನು ಯಾರಾದರೂ ಕೊಡಬೇಕಾಗಿತ್ತು.

ಕೇಳುವುದಕ್ಕೆ ಒಂದು ಪದ್ಧತಿಯಿತ್ತು. ಮಹಾನವಮಿ ಬಂತೆಂದರೆ ಉಪಾಧ್ಯಾಯ ಮಕ್ಕಳ ಕೈಗೆ ಬಣ್ಣದ ಕೋಲು ಕೊಟ್ಟು ಮನೆಮನೆಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ಕೋಲು ಹಾಕಿ, ಚೌಪದ ಹಾಡಿ ಮನೆಯವರನ್ನು ಹರಸುತ್ತಿದ್ದರು. ಮನೆಯವರು ಮಕ್ಕಳ ಉಡಿಗೆ ಪುರಿ, ಬೆಲ್ಲ ಹಾಕಿ, ಉಪಾಧ್ಯಾಯನಿಗೆ ಅಕ್ಕಿಯನ್ನೋ ದೀಪದೆಣ್ಣೆಯನ್ನೋ ಕೊಡುತ್ತಿದ್ದರು. ಕಡೆಯ ದಿನ ಬಟ್ಟೆ ವರ್ತಕನ ಮನೆ. ಅವನು ಒಂದು ಥಾನು ಬಿಳಿ ಬಟ್ಟೆ ಕೊಡುತ್ತಿದ್ದ. ಅವನ ಅಪ್ಪನೂ ಕೊಡುತ್ತಿದ್ದವನೇ. ಅಂಗಡಿಯ ಗುಮಾಸ್ತರೆಲ್ಲ ಆ ಛತ್ರದ ಜಗಲಿಯ ಮೇಲೆ ಕಲಿತವರು. ಒಂದು ಥಾನಿಗೆ ಮೂವತ್ತು ಕಡತ ಆಗುತ್ತಿತ್ತು. ಹನ್ನೆರಡು ವರ್ಷ ಹೀಗೇ ನಡೆಯಿತು.

ಹದಿಮೂರನೆಯ ವರ್ಷ ಪೇಟೆಗೆ ಇನ್ನೊಬ್ಬ ಉಪಾಧ್ಯಾಯ ಬಂದ. ಎಲ್ಲರೂ ಅವನನ್ನು ಹೊಸಬ ಎಂದೇ ಕರೆದರು. ಅವನಿಗೆ ಜಗಲಿ ಸಿಗಲಿಲ್ಲ. ಕೋಟೆ ಬಾಗಿಲ ಬಳಿ ಅರಳಿಕಟ್ಟೆಯ ಮೇಲೆ ಗಾಣಿಗರ ಮಕ್ಕಳನ್ನೂ ಕುಂಬಾರರ ಮಕ್ಕಳನ್ನೂ ಕೂರಿಸಿಕೊಂಡು ಪಾಠ ಶುರು ಮಾಡಿದ. ಉಪಾಧ್ಯಾಯ ತಾನೇ ಹೋಗಿ ಅವನನ್ನು ಮನೆಗೆ ಕರೆತಂದು ಊಟ ಹಾಕಿದ. ಒಂದು ಕಟ್ಟು ಬಳಪ ಕೊಟ್ಟ. ಇಷ್ಟು ದೊಡ್ಡ ಪೇಟೆಯಲ್ಲಿ ಇಬ್ಬರೇನು, ನಾಲ್ವರಿಗೂ ಕೈತುಂಬ ಕೆಲಸವಿದೆ ಎಂದ. ಹಾಗೆ ಅಂದದ್ದು ಮನಸ್ಸಿನಿಂದಲೇ.

ಮಹಾನವಮಿ ಬಂತು. ಹೊಸಬನೂ ತನ್ನ ಮಕ್ಕಳನ್ನು ಕಟ್ಟಿಕೊಂಡು ಹೊರಟ. ಅವನಿಗೆ ದೇವರು ಕೊಟ್ಟ ಕಂಠವಿತ್ತು. ಅವನು ಸೊಲ್ಲು ಎತ್ತಿಕೊಟ್ಟು ಮಕ್ಕಳು ಹಿಡಿದರೆ, ಬೀದಿಯಲ್ಲಿ ಹೋಗುವವರು ಹೊತ್ತ ಹೊರೆಯನ್ನು ಇಳಿಸದೆ ಹಾಗೇ ನಿಂತು ಕೇಳುತ್ತಿದ್ದರು. ಕಡೆಯ ದಿನ ಎರಡು ಗುಂಪೂ ವರ್ತಕನ ಮನೆಯ ಮುಂದೆ ಸೇರಿದವು. ವರ್ತಕ ದಿಂಬಿಗೆ ಒರಗಿ ಇಬ್ಬರ ಹಾಡನ್ನೂ ಕೇಳಿದ. ನಮ್ಮ ಮನೆಯ ಪದ್ಧತಿ ಒಂದು ಥಾನು, ಈ ವರ್ಷ ರಾಗ ಆ ಕಡೆಗಿದೆ ಎಂದು ನಗುನಗುತ್ತಾ ಥಾನನ್ನು ಹೊಸಬನ ಕೈಗಿಟ್ಟ. ಉಪಾಧ್ಯಾಯನ ಮಕ್ಕಳಿಗೂ ಪುರಿ, ಬೆಲ್ಲ ಹಾಕಿಸಿದ, ತುಸು ಹೆಚ್ಚಾಗಿಯೇ.

ಉಪಾಧ್ಯಾಯನ ಹೆಂಡತಿ ತನ್ನ ಎರಡು ಹಳೆಯ ಸೀರೆಗಳನ್ನು ತೆಗೆದುಕೊಟ್ಟಳು. ಜೀರ್ಣವಾದ ಬಟ್ಟೆಯ ಮೇಲೆ ಹುಣಸೆಬೀಜದ ಸರಿ ನಿಲ್ಲಲಿಲ್ಲ. ಬಳಪ ಎಳೆದಲ್ಲೆಲ್ಲ ಕಡತ ಸೀಳುತ್ತಿತ್ತು. ಮಕ್ಕಳು ಬರೆಯುವುದನ್ನು ಬಿಟ್ಟು ಅವನ ಮುಖ ನೋಡುತ್ತಿದ್ದರು.

ಬಟ್ಟೆ ತಪ್ಪಿಹೋದದ್ದನ್ನು ಅವನು ಸಹಿಸಿಕೊಳ್ಳುತ್ತಿದ್ದನೇನೋ. ಅದು ಎಲ್ಲಿಗೆ ಹೋಯಿತು ಎಂಬುದು ಅವನನ್ನು ಕೊರೆಯಿತು. ಸ್ನಾನಕ್ಕೆ ಮನೆಯ ಹತ್ತಿರದ ಮೆಟ್ಟಿಲು ಬಿಟ್ಟು ಕೆರೆಯ ಕೋಟೆ ಬದಿಯ ಮೆಟ್ಟಿಲಿಗೆ ಹೋಗತೊಡಗಿದ. ಅಲ್ಲಿಂದ ಅರಳಿಕಟ್ಟೆ ಕಾಣುತ್ತಿತ್ತು. ಕಪ್ಪಗೆ ಮಿರುಗುವ ಹೊಸ ಕಡತಗಳು, ಅವುಗಳ ಮೇಲೆ ಬಗ್ಗಿದ ತಲೆಗಳು. ಒದ್ದೆ ಪಂಚೆಯಲ್ಲೇ ನಿಂತು ನೋಡುತ್ತಿದ್ದ. ಆ ಮಕ್ಕಳು ಮಗ್ಗಿ ಹೇಳುವುದು ಗಾಳಿಯಲ್ಲಿ ತೇಲಿ ಬಂದರೆ, ತನ್ನ ಮಕ್ಕಳಿಗೆ ಇನ್ನೂ ಗಟ್ಟಿಯಾಗಿ ಹೇಳಿ ಎಂದು ಗದರುತ್ತಿದ್ದ. ಯಾರಾದರೂ ಹೊಸಬನ ಮಾತೆತ್ತಿದರೆ, ಪಾಪ, ಒಳ್ಳೆಯವನು ಎನ್ನುತ್ತಿದ್ದ. ಅಂದ ಮೇಲೆ ಅರ್ಧ ದಿನ ಬಾಯಿ ಕಹಿಯಾಗಿರುತ್ತಿತ್ತು. ಒಮ್ಮೆ ಇದ್ದಕ್ಕಿದ್ದಂತೆ ಮಳೆ ಹೊಡೆದು, ಅರಳಿಕಟ್ಟೆಯ ಮಕ್ಕಳು ಕಡತಗಳನ್ನು ಹೊಟ್ಟೆಗೆ ಅವುಚಿಕೊಂಡು ಓಡುವುದು ಕಂಡಿತು. ಅವನಿಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ನಾಚಿಕೆಯಾಯಿತು. ನಾಚಿಕೆ ಬೇಗ ಹೋಯಿತು.

ಮರುವರ್ಷ ಆಷಾಢದಿಂದಲೇ ಅವನು ಮಕ್ಕಳಿಗೆ ಹಾಡು ಹೇಳಿಕೊಡಲು ಕೂತ. ಲೆಕ್ಕ ಹಿಂದೆ ಬಿತ್ತು, ಕಾಗುಣಿತ ಹಿಂದೆ ಬಿತ್ತು. ಬೆಳಗಾದರೆ ಚೌಪದ, ಬೈಗಾದರೆ ಚೌಪದ. ಆದರೆ ಎತ್ತಿಕೊಡುವವನ ಗಂಟಲೇ ಒಡಕು. ಮಕ್ಕಳು ಎಷ್ಟು ಕಲಿತರೂ ಅಷ್ಟಕ್ಕೇ ನಿಂತಿತು. ಅದು ಅವನಿಗೂ ತಿಳಿಯಿತು.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಅವನು ವರ್ತಕನ ಅಂಗಡಿಗೆ ಹೋದ. ಸುಮ್ಮನೆ ಈ ಕಡೆ ಬಂದೆ ಎಂದ. ಮಾತು ಎಲ್ಲಿಂದ ಎಲ್ಲಿಗೆ ತಿರುಗಿತೋ, ಹೊಸಬ ಹೋದ ವರ್ಷದ ಥಾನಿನಲ್ಲಿ ಅರ್ಧವನ್ನು ಸಂತೆಯಲ್ಲಿ ಮಾರಿಕೊಂಡನಂತೆ, ಕಂಡವರಿದ್ದಾರೆ ಎಂದುಬಿಟ್ಟ. ಕಂಡವರು ಯಾರೂ ಇರಲಿಲ್ಲ. ವರ್ತಕ ಹೌದೇ ಎಂದ. ವೀಳ್ಯದೆಲೆಗೆ ಸುಣ್ಣ ಸವರಿದ. ಆಗಲಿ, ನೋಡೋಣ ಎಂದ.

ಕಡೆಯ ದಿನ ಹೊಸಬನ ಮಕ್ಕಳು ಹೋದ ವರ್ಷಕ್ಕಿಂತ ಚೆನ್ನಾಗಿ ಹಾಡಿದರು. ಬೀದಿಗೆ ಬೀದಿಯೇ ತಲೆದೂಗಿತು. ವರ್ತಕ ಥಾನನ್ನು ಉಪಾಧ್ಯಾಯನ ಕೈಗಿಟ್ಟ. ಹೊಸಬ ಮಕ್ಕಳ ಕೈಯಿಂದ ಕೋಲುಗಳನ್ನು ಒಂದೊಂದಾಗಿ ಇಸಿದುಕೊಂಡು ಕಂಕುಳಲ್ಲಿ ಇರುಕಿಕೊಂಡ. ಅವರನ್ನು ಮುಂದೆ ಬಿಟ್ಟುಕೊಂಡು ಹೊರಟುಹೋದ.

ಉಪಾಧ್ಯಾಯ ಥಾನನ್ನು ಮಕ್ಕಳಿಗೆ ಕೊಡದೆ ತಾನೇ ಹೆಗಲ ಮೇಲೆ ಹೊತ್ತ. ನೆಟ್ಟಗೆ ಮನೆಗೆ ಹೋಗಲಿಲ್ಲ. ಕೋಟೆ ಬೀದಿ ಬಳಸಿಕೊಂಡು ಹೋದ.

ದೀಪಾವಳಿ ಕಳೆಯಿತು. ಒಂದು ದಿನ ಅರಳಿಕಟ್ಟೆ ಬರಿದಾಗಿತ್ತು. ಹೊಸಬ ಪೇಟೆ ಬಿಟ್ಟಿದ್ದ. ಎರಡು ದಿನ ಉಪಾಧ್ಯಾಯನಿಗೆ ಊಟ ರುಚಿಸಿತು. ಮೂರನೆಯ ದಿನ ಬೆಳಿಗ್ಗೆ ಜಗಲಿಗೆ ಬಂದಾಗ, ಒಂದು ತುದಿಯಲ್ಲಿ ಹದಿನಾರು ಮಕ್ಕಳು ಬಿರಿದ ಕಡತಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗಾಣಿಗರ ಮಕ್ಕಳು, ಕುಂಬಾರರ ಮಕ್ಕಳು. ಯಾರು ಕಳಿಸಿದರು ಎಂದು ಕೇಳಿದ. ನಮ್ಮ ಮೇಷ್ಟ್ರೇ ಹೇಳಿಹೋದರು ಎಂದರು.

ಅವನಿಗೆ ಅವರನ್ನು ಎಬ್ಬಿಸಿ ಕಳಿಸಲು ಆಗಲಿಲ್ಲ. ಥಾನನ್ನು ಆಗಲೇ ಮೂವತ್ತಕ್ಕೆ ಕತ್ತರಿಸಿಯಾಗಿತ್ತು. ಕಡತಗಳನ್ನು ಬಿಚ್ಚಿ ಒಂದೊಂದನ್ನೂ ಎರಡು ಮಾಡಿ, ಮಿಕ್ಕ ತುಂಡುಗಳನ್ನು ಬಿರಿದವುಗಳಿಗೆ ಬದಲಾಗಿ ಎತ್ತಿಟ್ಟ. ಅರ್ಧ ಕಡತದಲ್ಲಿ ಒಂದು ಪದ್ಯ ಹಿಡಿಸಲಿಲ್ಲ, ಒಂದು ಗುಣಾಕಾರ ಹಿಡಿಸಲಿಲ್ಲ. ಮೇಲಿನ ಸಾಲು ಒರೆಸಿ ಕೆಳಗಿನದನ್ನು ಬರೆಯಬೇಕಾಗಿತ್ತು. ಬರೆಯುವಷ್ಟರಲ್ಲಿ ಮೇಲಿನದು ಮರೆತುಹೋಗುತ್ತಿತ್ತು. ಹೊಸಬ ಕಲಿಸಿದ ಮಕ್ಕಳು ಕಲಿಕೆಯಲ್ಲಿ ಮುಂದಿದ್ದರು. ಅದನ್ನು ಕಂಡು ಮೊದಲು ಅವನ ಹೊಟ್ಟೆ ಉರಿಯಿತು. ಆಮೇಲೆ, ಆ ಮಕ್ಕಳು ದಿನಾ ಬೆಳಿಗ್ಗೆ ಬಂದು ನಮ್ಮ ಮೇಷ್ಟ್ರು ಯಾವಾಗ ಬರುತ್ತಾರೆ ಎಂದು ಅವನನ್ನೇ ಕೇಳತೊಡಗಿದಾಗ, ಉರಿಯುವುದಕ್ಕೂ ಏನೂ ಉಳಿಯಲಿಲ್ಲ.

ಕೊನೆಗೆ ಅವನು ವರ್ತಕನ ಮನೆಗೆ ಹೋದ. ಹೋದದ್ದು ಎರಡು ಕೆಲಸಕ್ಕೆ. ತಪ್ಪು ಒಪ್ಪಿಕೊಳ್ಳುವುದು ಒಂದು, ಹದಿನಾರು ಮಕ್ಕಳಿಗೆ ಬಟ್ಟೆ ಕೇಳುವುದು ಇನ್ನೊಂದು. ವರ್ತಕ ಎದ್ದು ಬಂದು ಕೈ ಮುಗಿದು, ಚಾಪೆ ಹಾಕಿಸಿ ಕೂರಿಸಿದ.

"ಯಜಮಾನರೇ, ಅವನ ಮೇಲೆ ನಾನು ಹೇಳಿದ್ದು ಸುಳ್ಳು," ಎಂದ ಉಪಾಧ್ಯಾಯ.

"ನನಗೆ ಗೊತ್ತಿತ್ತು ಮೇಷ್ಟ್ರೇ. ನೀವು ಬರುವುದಕ್ಕೆ ಎರಡು ದಿನ ಮುಂಚೆ ಅವನೂ ಬಂದಿದ್ದ. ಮಕ್ಕಳ ಬಟ್ಟೆಯಲ್ಲಿ ನೀವು ಮನೆಯವರಿಗೆ ಕುಪ್ಪಸ ಹೊಲಿಸುತ್ತೀರಿ ಎಂದ. ಅದನ್ನೂ ನಾನು ನಂಬಲಿಲ್ಲ."

"ಹಾಗಾದರೆ ಥಾನನ್ನು ನನಗೆ ಏಕೆ ಕೊಟ್ಟಿರಿ?"

"ಯಾರಿಗಾದರೂ ಕೊಡಬೇಕಿತ್ತಲ್ಲ. ನೀವು ಹಳಬರು."

ಉಪಾಧ್ಯಾಯ ಇನ್ನೊಂದು ಥಾನು ಕೇಳಿದ. ವರ್ತಕ ನೊಂದುಕೊಂಡೇ ಹೇಳಿದ, ಅಪ್ಪ ಹಾಕಿಕೊಟ್ಟ ಪದ್ಧತಿ ಒಂದು ಥಾನು, ಅದನ್ನು ತಾನು ಮೀರಲಾರೆ ಎಂದು. ತಾಂಬೂಲ ಕೊಟ್ಟು ಬಾಗಿಲವರೆಗೂ ಬಂದು ಕಳಿಸಿದ.

ದಾರಿಯುದ್ದಕ್ಕೂ ಉಪಾಧ್ಯಾಯನಿಗೆ ಮೈ ಉರಿಯುತ್ತಿತ್ತು. ಸಿಗದ ಬಟ್ಟೆಯ ನೆನಪಾಗಲಿ, ಅದನ್ನು ಕೊಡದ ವರ್ತಕನ ನೆನಪಾಗಲಿ ಅವನಿಗಿರಲಿಲ್ಲ. ತನ್ನ ಸೀರೆಗಳನ್ನೇ ಮಕ್ಕಳ ಕಡತಕ್ಕೆ ಕೊಟ್ಟ ಹೆಂಡತಿಯ ಮೇಲೆ ಆ ಹೊಸಬ ಇಂಥ ಮಾತು ಆಡಿದನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಎಲ್ಲಿದ್ದರೂ ಹುಡುಕಿ ಎದುರಿಗೆ ನಿಂತು ಕೇಳಬೇಕು ಎಂದು ಹೊರಟ. ಎರಡು ದಿನ ನಡೆದ. ಒಂದು ಸಂತೆ ಊರಿನಲ್ಲಿ ಹುಣಸೆಮರದ ಕೆಳಗೆ ಹೊಸಬ ಕಂಡ. ಓದುಬರಹ ಬಾರದವರಿಗೆ ಓಲೆ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. ಇಳಿದುಹೋಗಿದ್ದ.

ಇವನು ಬಾಯಿ ತೆರೆಯುವ ಮೊದಲೇ ಹೊಸಬ ಕೇಳಿದ, ನನ್ನ ಮಕ್ಕಳನ್ನು ಜಗಲಿಗೆ ಹತ್ತಿಸಿದಿರಾ ಎಂದು. ಹತ್ತಿಸಿದೆ ಎಂದ ಉಪಾಧ್ಯಾಯ. ಆಮೇಲೆ ಜಗಳ ಬರಲಿಲ್ಲ. ಅವನ ಪಕ್ಕದಲ್ಲಿ ಕೂತ. ಹೊಸಬ ತಾನಾಗಿಯೇ ಹೇಳಿದ. ಮಳೆ ಬಂದಾಗಲೆಲ್ಲ ಅವನಿಗೆ ಛತ್ರದ ಜಗಲಿ ಕಾಣುತ್ತಿತ್ತಂತೆ. ಅವರಿಗೆ ಸೂರಿದೆ, ಹನ್ನೆರಡು ವರ್ಷ ಥಾನೂ ಅವರಿಗೇ ಸಿಕ್ಕಿದೆ, ಇನ್ನೂ ಏಕೆ ಬರುತ್ತಾರೆ ಆ ಬಾಗಿಲಿಗೆ ಎಂದು ಕುದಿಯುತ್ತಿದ್ದನಂತೆ. ಕೆರೆಯ ಮೆಟ್ಟಿಲ ಮೇಲೆ ನಿಂತು ತನ್ನ ಮಕ್ಕಳ ಕಡತ ನೋಡುತ್ತಿದ್ದವನನ್ನೂ ಅವನು ದಿನಾ ಕಂಡಿದ್ದ. ಉಪಾಧ್ಯಾಯ ತನ್ನ ಸುಳ್ಳನ್ನು ಹೇಳಿದ. ಹೊಸಬ ತನ್ನದನ್ನು ಹೇಳಿದ. ಸಂತೆ ಮುಗಿದು ಜನ ಕರಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.

ಪೇಟೆಗೆ ಬಾ, ಒಂದೇ ಜಗಲಿಯಲ್ಲಿ ಪಾಠ ಹೇಳೋಣ ಎಂದು ಉಪಾಧ್ಯಾಯ ಕರೆದ. ಹೊಸಬ ಒಲ್ಲೆನೆಂದು ತಲೆಯಾಡಿಸಿದ.

"ಬರುವ ಮಹಾನವಮಿಗೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಲ್ಲ. ನನ್ನ ಮನಸ್ಸನ್ನು ನಾನು ಬಲ್ಲೆ," ಎಂದ.

ಉಪಾಧ್ಯಾಯ ಒಬ್ಬನೇ ಹಿಂದಿರುಗಿದ. ನಲವತ್ತಾರು ಮಕ್ಕಳಿಗೆ ಅರ್ಧ ಅರ್ಧ ಕಡತದಲ್ಲೇ ಪಾಠ ಹೇಳಿದ. ಜಾಗ ಸಾಲದೆ ಮಕ್ಕಳು ಅಕ್ಷರವನ್ನು ಸಾಸಿವೆಯಷ್ಟು ಮಾಡಿ ಬರೆಯುವುದನ್ನು ಕಲಿತರು. ದೊಡ್ಡವರಾಗಿ ದೊಡ್ಡ ದೊಡ್ಡ ಕಾಗದ ಸಿಕ್ಕ ಮೇಲೂ ಅವರ ಅಕ್ಷರ ಸಣ್ಣದಾಗಿಯೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು.

ನೀಲಾಂಬಿಕೆ ಕೇಳಿದಳು:

"ಆ ಇಬ್ಬರಲ್ಲಿ ಯಾರ ತಪ್ಪು ದೊಡ್ಡದು, ಬುದ್ಧೀ?"

ಗುರುಗಳು ಹೇಳಿದರು:

"ಮೂವರಲ್ಲಿ ಯಾರದು ಎಂದು ನೀನೂ ಕೇಳಲಿಲ್ಲವಲ್ಲ, ತಾಯಿ."